ಸುದ್ದಿ ಮುಟ್ಟಿಸುವವರು: ಕಾಗಿಣಾ ಸೀಮೆಯ ಚರ್ಚುಗಳಲ್ಲಿ ಸಂವಹನದ ಕೆಲಸ

ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯ ಕಾಗಿಣಾ ನದಿಯ ಸೀಮೆಯಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕ್ರೈಸ್ತ ಸಭೆಗಳಲ್ಲಿ ಸುದ್ದಿ ಮುಟ್ಟಿಸುವುದಕ್ಕೆ ಬಹುಕಾಲ ಬೇರೆ ಹುದ್ದೆ ಎಂಬುದಿರಲಿಲ್ಲ. ರವಿವಾರದ ಆರಾಧನೆ ಮುಗಿಯುವ ಹೊತ್ತಿಗೆ ಅಯ್ಯನವರು ಜೇಬಿನಿಂದ ಚೀಟಿ ತೆಗೆದು ಪ್ರಕಟಣೆ ಓದುತ್ತಿದ್ದರು. ಈ ವಾರ ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ, ಯಾರಿಗೆ ಆರಾಮಿಲ್ಲ, ಹಾಸ್ಟೆಲ್ಲಿಗೆ ಮಕ್ಕಳನ್ನು ಸೇರಿಸಲು ಕೊನೆಯ ದಿನ ಯಾವುದು ಎಂಬುದೆಲ್ಲ ಆ ಚೀಟಿಯಲ್ಲಿ ಇರುತ್ತಿತ್ತು. ಮದುವೆ ಗೊತ್ತಾದರೆ ಹುಡುಗ ಹುಡುಗಿಯ ಹೆಸರನ್ನು ಸಾಲಾಗಿ ರವಿವಾರಗಳಂದು ಓದಿ, ಅಡ್ಡಿಯಿದ್ದವರು ಹೇಳಿ ಎಂದು ಸಭೆಯನ್ನು ಕೇಳುವ ಪದ್ಧತಿ ಕಥೋಲಿಕರಲ್ಲೂ ಮೆಥಡಿಸ್ಟರಲ್ಲೂ ಇತ್ತು. ಚರ್ಚಿಗೆ ಬರಲಾಗದವರ ಮನೆಗೆ ಸುದ್ದಿ ಒಯ್ಯುವವರು ಉಪದೇಶಿಗಳು ಮತ್ತು ಬೈಬಲ್ ಸ್ತ್ರೀಯರು. ಅವರು ಹೋಗುವಾಗ ಪ್ರಕಟಣೆ ಒಯ್ದು, ಬರುವಾಗ ಊರಿನ ಸುದ್ದಿ ತರುತ್ತಿದ್ದರು. ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾರು ದುಡಿಯಲು ಮುಂಬಯಿಗೆ ಗುಳೆ ಹೋಗಿದ್ದಾರೆ ಎಂಬುದು ಅಯ್ಯನವರಿಗೆ ಗೊತ್ತಾಗುತ್ತಿದ್ದುದು ಅವರ ಬಾಯಿಂದಲೇ. ಹಾಗೆ ನೋಡಿದರೆ ಈ ಸೀಮೆಯ ಚರ್ಚುಗಳ ಮೊದಲ ಸಂವಹನ ಸಿಬ್ಬಂದಿ ಅವರೇ. ಸಂಬಳದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಆ ಮಾತು ಇರಲಿಲ್ಲ ಅಷ್ಟೆ.

ಈ ಕೆಲಸ ಹೇಗೆ ಹರಡಿಕೊಂಡಿತ್ತು ಎಂಬುದು ರೈಲಿನ ನಕ್ಷೆ ನೋಡಿದರೆ ತಿಳಿಯುತ್ತದೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿ ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲುದಾರಿ ವಾಡಿಯಿಂದ ಕವಲೊಡೆದು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಯಿತು. ಐದು ಊರುಗಳಲ್ಲಿ ನಾಲ್ಕು ಹಳಿಯ ಮೇಲಿದ್ದವು. ಚಿಂಚೋಳಿಗೆ ಮಾತ್ರ ರೈಲು ಇಲ್ಲ. ಮಿಷನ್ನಿನ ಟಪಾಲು, ಕರಪತ್ರದ ಕಟ್ಟು, ಪಾಠದ ಪುಸ್ತಕ, ಸಭೆಗೆ ಬರುವ ಅತಿಥಿಗಳು ಎಲ್ಲ ರೈಲಿನಲ್ಲೇ ಬರುತ್ತಿದ್ದುದರಿಂದ ವಾಡಿ, ಶಹಾಬಾದಿನ ಸಭೆಗಳಿಗೆ ಸುದ್ದಿ ಬೇಗ ತಲುಪುತ್ತಿತ್ತು. ಚಿಂಚೋಳಿಯಿಂದ ಮುಂದೆ ಕೊಂಚಾವರಂ ಕಾಡಿನ ಕಡೆಯ ಊರು, ಲಂಬಾಣಿ ತಾಂಡಾಗಳಿಗೆ ಅದು ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ಕೊನೆಗೆ ಕಾಲ್ನಡಿಗೆಯಲ್ಲಿ ಹೋಗಬೇಕಿತ್ತು. ಹಳಿ ಇರುವ ಊರು, ಇಲ್ಲದ ಊರು ಎಂಬ ಈ ಅಂತರವು ಮುಂದೆ ಟೆಲಿಫೋನ್ ಬಂದಾಗಲೂ ಮೊಬೈಲ್ ಸಿಗ್ನಲ್ ಬಂದಾಗಲೂ ಬೇರೆ ವೇಷದಲ್ಲಿ ಉಳಿದುಕೊಂಡಿತು.

ಇನ್ನೊಂದು ಅಂತರ ಭಾಷೆಯದು. ರೈಲ್ವೆ ನೌಕರಿಗಾಗಿ ಬಂದ ತಮಿಳು, ತೆಲುಗು, ಗೋವಾ ಮೂಲದ ಕ್ರೈಸ್ತ ಕುಟುಂಬಗಳು ವಾಡಿ ಮತ್ತು ಶಹಾಬಾದಿನ ಕ್ವಾರ್ಟರ್ಸುಗಳಲ್ಲಿದ್ದವು. ಆಮೇಲೆ ಶಹಾಬಾದ್, ವಾಡಿಗಳ ಎಸಿಸಿ, ಮಳಖೇಡದ ರಾಜಶ್ರೀ, ಸೇಡಮಿನ ವಾಸವದತ್ತಾ ಮೊದಲಾದ ಸಿಮೆಂಟ್ ಕಾರ್ಖಾನೆಗಳು ಇನ್ನಷ್ಟು ಹೊರಗಿನವರನ್ನು ಕರೆತಂದವು. ಫರಸಿ ಕಲ್ಲಿನ ಗಣಿಗಳಲ್ಲಿ ದುಡಿಯುವವರ ಮಾತು ಕನ್ನಡ, ದಖನಿ ಉರ್ದು. ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಸೇರಿತು. ಆ ಮೇಲೂ ಮದುವೆ, ದವಾಖಾನೆ, ದುಡಿಮೆಗಳ ನಂಟು ಹೈದರಾಬಾದಿನ ಕಡೆಗೇ ಇತ್ತು. ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ವಿಕಾರಾಬಾದಿನ ಹತ್ತಿರ ಧಾರೂರಿನಲ್ಲಿ ನಡೆಯುವ ಮೆಥಡಿಸ್ಟರ ಜಾತ್ರೆಗೆ ಇಲ್ಲಿಂದಲೂ ಜನ ಹೋಗುತ್ತಾರೆ. ಧಾರೂರು ಇರುವುದೂ ವಾಡಿ–ಸಿಕಂದರಾಬಾದ್ ದಾರಿಯಲ್ಲೇ. ಹೀಗಿರುವಾಗ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಅಚ್ಚಾದ ಶುದ್ಧ ಗ್ರಾಂಥಿಕ ಕನ್ನಡದ ಸುತ್ತೋಲೆಯೊಂದನ್ನು ಇಲ್ಲಿ ಹಾಗೇ ಓದಿಬಿಟ್ಟರೆ ಸಭೆಯಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಅದು ದೂರದ ಮಾತಾಗುತ್ತಿತ್ತು. ಅದನ್ನು ಒಡೆದು ಹೇಳುವವರು ಬೇಕಿತ್ತು. ಆ ಒಡೆದು ಹೇಳುವ ಕೆಲಸವೇ ಸಂವಹನದ ತಿರುಳು ಎಂಬುದನ್ನು ಆಡಳಿತ ಕಚೇರಿಗಳು ತಡವಾಗಿ ಒಪ್ಪಿಕೊಂಡವು.

ಕನ್ನಡದ ಪತ್ರಿಕೋದ್ಯಮವೇ ಮಿಷನ್ನಿನ ಅಂಗಳದಲ್ಲಿ ಹುಟ್ಟಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪಾಕ್ಷಿಕವನ್ನು ಹೊರತಂದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ, ಅಲ್ಲಿನ ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವಾಯಿತು. ಇದರಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಅಂಶವಿದೆ. ಪತ್ರಿಕೆ ಇದ್ದ ಊರು ಬದಲಾಯಿತು, ಹೆಸರು ಬದಲಾಯಿತು, ಅಚ್ಚಿನ ವಿಧಾನ ಬದಲಾಯಿತು. ಆದರೆ ಅದು ಒಬ್ಬ ಮನುಷ್ಯನ ಉತ್ಸಾಹದ ಮೇಲೆ ನಿಂತಿರುವುದು ಬದಲಾಗಲಿಲ್ಲ. ಮೋಗ್ಲಿಂಗ್ ಶಾಲೆಯನ್ನೂ ನೋಡಬೇಕಿತ್ತು, ಧರ್ಮಪ್ರಚಾರವನ್ನೂ ಮಾಡಬೇಕಿತ್ತು, ಹಳೆಗನ್ನಡ ಕಾವ್ಯಗಳನ್ನೂ ಅಚ್ಚಿಗೆ ಸಿದ್ಧಪಡಿಸಬೇಕಿತ್ತು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಅಲ್ಲಿಂದ ನೂರೈವತ್ತು ವರ್ಷ ಕಳೆದ ಮೇಲೂ ಸಣ್ಣ ಊರುಗಳ ಸಭಾಪತ್ರಿಕೆಗಳು ಇದೇ ರೀತಿ ಹುಟ್ಟಿ, ಇದೇ ರೀತಿ ನಿಂತುಹೋಗಿವೆ. ಬರೆಯಬಲ್ಲ ಒಬ್ಬರು ಬಂದಾಗ ನಾಲ್ಕು ಸಂಚಿಕೆ, ಅವರು ಹೋದಾಗ ಮೌನ.

ಮೆಥಡಿಸ್ಟ್ ಸಭೆಗಳಲ್ಲಿ ಈ ತೊಂದರೆ ವ್ಯವಸ್ಥೆಯೊಳಗೇ ಇತ್ತು. ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಸೌತ್ ಇಂಡಿಯಾ ಕಾನ್ಫರೆನ್ಸ್ 1876ರಲ್ಲಿ ರಚನೆಯಾಯಿತು. ಬೀದರ್, ಗುಲಬರ್ಗಾ, ಯಾದಗಿರಿ ಸೀಮೆಯ ಕೆಲಸ ಮುಂದೆ ಅದರ ಆಶ್ರಯದಲ್ಲಿ ಬೆಳೆಯಿತು. ಮೆಥಡಿಸ್ಟ್ ಪದ್ಧತಿಯಲ್ಲಿ ಪಾಸ್ಟರುಗಳ ನೇಮಕ ಆಗುವುದು ವಾರ್ಷಿಕ ಕಾನ್ಫರೆನ್ಸಿನಲ್ಲಿ. ಬಿಷಪ್ಪರು ಕೊನೆಯ ದಿನ ನೇಮಕಗಳ ಪಟ್ಟಿ ಓದುತ್ತಾರೆ. ಅದರಲ್ಲಿ ಬೇರೆ ಊರು ಬಂತೆಂದರೆ ಗಂಟುಮೂಟೆ ಕಟ್ಟಬೇಕು. ಒಬ್ಬರೇ ಒಂದು ಊರಿಗೆ ಅಂಟಿಕೊಳ್ಳಬಾರದು, ಸುವಾರ್ತೆ ಸಂಚರಿಸುತ್ತಿರಬೇಕು ಎಂಬ ಜಾನ್ ವೆಸ್ಲಿಯವರ ಕಾಲದ ಆಶಯ ಅದರ ಹಿಂದಿದೆ. ಆಶಯ ದೊಡ್ಡದೇ. ಆದರೆ ಅಯ್ಯನವರ ಜೊತೆಗೆ ವಿಳಾಸಗಳ ಪುಸ್ತಕ, ಬೆಳ್ಳಿಹಬ್ಬದ ಫೋಟೋಗಳು, ಪ್ರೆಸ್ಸಿನವನ ಪರಿಚಯ, ಜಿಲ್ಲಾ ವರದಿಗಾರನ ಸ್ನೇಹವೂ ಹೋಗಿಬಿಡುತ್ತಿದ್ದವು. ಹೊಸಬರು ಬಂದು ಮೊದಲಿನಿಂದ ಶುರು ಮಾಡಬೇಕು. ದೀಕ್ಷಾಸ್ನಾನ, ಮದುವೆ, ಮಣ್ಣುಮಾಡಿದ ವಿವರಗಳ ರಿಜಿಸ್ಟರು ಮಾತ್ರ ಚರ್ಚಿನ ಕಪಾಟಿನಲ್ಲೇ ಉಳಿಯುತ್ತಿತ್ತು. ರಿಜಿಸ್ಟರು ಚರ್ಚಿನದು ಎಂಬ ಕಟ್ಟುನಿಟ್ಟಾದ ನಿಯಮ ಇದ್ದುದರಿಂದ ಅದು ಉಳಿಯಿತು. ಉಳಿದವುಗಳಿಗೆ ಅಂಥ ನಿಯಮ ಇರಲಿಲ್ಲ.

ಇದೇ ಸಭೆಗಳು ಸೇರಿದ್ದ ಜಾಗತಿಕ ಸಂಸ್ಥೆಯಲ್ಲಿ 1972ರಲ್ಲಿ ದೊಡ್ಡದೊಂದು ಬದಲಾವಣೆ ನಡೆಯಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚು ಆ ವರ್ಷದ ಜನರಲ್ ಕಾನ್ಫರೆನ್ಸಿನಲ್ಲಿ, ಬೇರೆ ಬೇರೆಯಾಗಿದ್ದ ರೇಡಿಯೊ–ಟೆಲಿವಿಷನ್–ಚಲನಚಿತ್ರ ವಿಭಾಗ, ಸಾರ್ವಜನಿಕ ಸಂಪರ್ಕ ಮತ್ತು ಸುದ್ದಿ ವಿಭಾಗ, ಚರ್ಚಿನ ಯೋಜನೆಗಳನ್ನು ಜನರಿಗೆ ವಿವರಿಸುವ ವಿಭಾಗಗಳನ್ನು ಒಂದೇ ಸಮಿತಿಯ ಕೆಳಗೆ ತಂದಿತು. ಯುನೈಟೆಡ್ ಮೆಥಡಿಸ್ಟ್ ಕಮ್ಯುನಿಕೇಷನ್ಸ್ ಎಂದು ಈಗ ಕರೆಸಿಕೊಳ್ಳುವ ಸಂಸ್ಥೆ ಬೆಳೆದದ್ದು ಹಾಗೆ. ಭಾರತದ ಮೆಥಡಿಸ್ಟರು ಆಗ ಇನ್ನೂ ಆ ಚರ್ಚಿನ ಅಂಗವೇ ಆಗಿದ್ದರು. 1981ರ ಜನವರಿ 7ರಂದು ಮದ್ರಾಸಿನಲ್ಲಿ ಭಾರತೀಯ ಮೆಥಡಿಸ್ಟ್ ಚರ್ಚ್ ಸ್ವಾಯತ್ತ ಸಂಸ್ಥೆಯಾಗಿ ನಿಂತಿತು. ಸ್ವಂತ ಬಿಷಪ್ಪರು, ಸ್ವಂತ ಶಿಸ್ತಿನ ಗ್ರಂಥ, ಸ್ವಂತ ಹಣಕಾಸು ಎಲ್ಲವೂ ಬಂದವು. ಆದರೆ ಸುದ್ದಿ, ಧ್ವನಿ, ಚಿತ್ರ, ಮುದ್ರಣಗಳನ್ನು ಒಂದೇ ಸೂರಿನಡಿ ತಂದು, ಅದಕ್ಕೆ ತರಬೇತಾದವರನ್ನು ಇಟ್ಟುಕೊಳ್ಳುವ ಮಾದರಿ ಜಿಲ್ಲಾ ಮಟ್ಟದವರೆಗೆ ಇಳಿದು ಬರಲಿಲ್ಲ. ಸ್ವಾಯತ್ತತೆಯ ಹೊಸ ಹೊಣೆಗಳ ನಡುವೆ ಅದಕ್ಕೆ ಹಣವೂ ಇರಲಿಲ್ಲ, ಅದು ತುರ್ತೆಂದು ಯಾರಿಗೂ ಅನ್ನಿಸಲೂ ಇಲ್ಲ.

ಕಥೋಲಿಕರಲ್ಲಿ ಬದಲಾವಣೆಗೆ ತಳಹದಿ ಹಾಕಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ಒಂದೇ ದಿನ ಎರಡು ದಾಖಲೆಗಳು ಹೊರಬಿದ್ದವು: ಆರಾಧನಾವಿಧಿಯ ಕುರಿತ ಸಂವಿಧಾನ, ಸಂಪರ್ಕ ಮಾಧ್ಯಮಗಳ ಕುರಿತ ಆಜ್ಞಾಪತ್ರ. ಎರಡನೆಯದರ ಫಲವಾಗಿ 1967ರ ಮೇ 7ರಂದು ಮೊದಲ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸಲಾಯಿತು. ಆದರೆ ಹಳ್ಳಿಯ ಸಭೆಯ ಬದುಕನ್ನು ನಿಜವಾಗಿ ಅಲುಗಾಡಿಸಿದ್ದು ಮೊದಲನೆಯದು. ಲ್ಯಾಟಿನ್ ಪೂಜೆ ಹೋಗಿ ಜನರ ಮಾತಿನ ಪೂಜೆ ಬಂದಾಗ ಪ್ರಾರ್ಥನೆಗಳನ್ನು ಅನುವಾದಿಸುವವರು, ಅಚ್ಚುಹಾಕಿಸುವವರು, ಕೀರ್ತನೆಗಳಿಗೆ ರಾಗ ಕೂಡಿಸುವವರು, ಅವನ್ನು ಊರೂರಿಗೆ ಹೋಗಿ ಕಲಿಸುವವರು ಬೇಕಾದರು. ಆ ಜನರನ್ನು ಯಾರೂ ಸಂವಹನ ಸಿಬ್ಬಂದಿ ಎಂದು ಕರೆಯಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಚರ್ಚು ಕೈಗೊಂಡ ಬಲು ದೊಡ್ಡ ಸಂವಹನ ಕಾರ್ಯ ಅದೇ. 1992ರ ‘ಏಟಾಟಿಸ್ ನೋವೆ’ ಎಂಬ ವ್ಯಾಟಿಕನ್ ದಾಖಲೆ ಇನ್ನೂ ಮುಂದೆ ಹೋಗಿ, ಧರ್ಮಕ್ಷೇತ್ರಗಳು ಸಂವಹನಕ್ಕೆಂದೇ ಯೋಜನೆ ಮಾಡಿಕೊಳ್ಳಬೇಕೆಂದು ಹೇಳಿ, ಆ ಯೋಜನೆಯಲ್ಲಿ ಏನಿರಬೇಕೆಂಬ ಪಟ್ಟಿಯನ್ನೂ ಕೊಟ್ಟಿತು.

2005ರ ಜೂನ್ 24ರಂದು ಗುಲಬರ್ಗಾ ಧರ್ಮಕ್ಷೇತ್ರ ಸ್ಥಾಪನೆಯಾಗಿ ರಾಬರ್ಟ್ ಮಿರಾಂಡಾ ಅದರ ಮೊದಲ ಧರ್ಮಾಧ್ಯಕ್ಷರಾದರು. ಗುಲಬರ್ಗಾ, ಬೀದರ್, ಬಿಜಾಪುರ ಸೀಮೆ ಅದರ ವ್ಯಾಪ್ತಿ. ಅಲ್ಲಿಯವರೆಗೆ ಅಕ್ಕಪಕ್ಕದ ಧರ್ಮಕ್ಷೇತ್ರಗಳ ಅಂಚಿನಲ್ಲಿದ್ದ ಊರುಗಳಿಗೆ ಹತ್ತಿರದಲ್ಲೇ ಒಂದು ಕೇಂದ್ರ ಸಿಕ್ಕಿತು. ಅಂಚಿನಲ್ಲಿದ್ದಾಗ ಪ್ರಕಟಣೆಗಳು ದೂರದಿಂದ ಬರುತ್ತಿದ್ದವು. ಇಲ್ಲಿನ ಸುದ್ದಿ ಅಲ್ಲಿಗೆ ಹೋಗುವುದು ಅಪರೂಪವಾಗಿತ್ತು. ಹೊಸ ಧರ್ಮಕ್ಷೇತ್ರಕ್ಕೆ ಒಂದು ಅನುಕೂಲವೂ ಇರುತ್ತದೆ: ಕೆಡವಬೇಕಾದ ಹಳೆಯ ವಿಭಾಗಗಳೇ ಅಲ್ಲಿ ಇರುವುದಿಲ್ಲ. ಅನನುಕೂಲವೆಂದರೆ, ಇರುವ ಕೆಲವೇ ಗುರುಗಳು ಶಾಲೆ, ಬೋರ್ಡಿಂಗು, ಸಮಾಜಸೇವೆ, ಪೂಜೆ ಎಲ್ಲವನ್ನೂ ಹೊತ್ತುಕೊಳ್ಳಬೇಕು. ಇಂಥ ಸಣ್ಣ ಧರ್ಮಕ್ಷೇತ್ರಗಳಲ್ಲಿ ಮಾಧ್ಯಮ ಆಯೋಗವೆಂದರೆ ಸಾಮಾನ್ಯವಾಗಿ ಇನ್ನೆರಡು ಹೊಣೆಗಳಿರುವ ಒಬ್ಬ ಫಾದರ್ ಎಂದೇ ಅರ್ಥ.

ಚರ್ಚಿನ ಹೊರಗೆ ಇದೇ ಜಿಲ್ಲೆಯಲ್ಲಿ ನಡೆದ ಒಂದು ಪ್ರಯೋಗ ಈ ವಿಚಾರಕ್ಕೆ ತುಂಬ ಬೆಳಕು ಕೊಡುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆ ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ‘ಸೈಟ್’ ಎಂಬ ದೂರದರ್ಶನ ಪ್ರಯೋಗ ನಡೆಸಿತು. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಸಾರ್ವಜನಿಕ ಟಿ.ವಿ. ಇಟ್ಟರು, ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನ ಮನೆಗಳಿಗೆ ಟಿ.ವಿ. ಬರುವ ಮೊದಲೇ ಇಲ್ಲಿನ ಹಳ್ಳಿಗಳ ಜನ ಸಂಜೆ ಶಾಲೆಯ ಅಂಗಳದಲ್ಲಿ, ಪಂಚಾಯತಿ ಕಟ್ಟೆಯಲ್ಲಿ ಕೂತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡಿದರು. ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿವಾಹಿನಿ: ಆಂಧ್ರದ ಹಳ್ಳಿಗೆ ತೆಲುಗು, ಇಲ್ಲಿಗೆ ಕನ್ನಡ. ಗುಲಬರ್ಗಾದಲ್ಲಿ ಆಕಾಶವಾಣಿ 1966ರಿಂದಲೇ ಇತ್ತು, 1977ರಲ್ಲಿ ದೂರದರ್ಶನ ಕೇಂದ್ರವೂ ಬಂತು. ಚಿತ್ರ ಒಂದೇ ಕಡೆ ತಯಾರಾಗಲಿ, ಧ್ವನಿ ಮಾತ್ರ ಕೇಳುವವರ ಮನೆಯದಾಗಿರಲಿ ಎಂಬ ಆ ಏರ್ಪಾಡು ಚರ್ಚಿನ ಸಂವಹನ ಕಚೇರಿಗಳಿಗೆ ಬೇಕಾಗಿದ್ದ ಸೂತ್ರವೇ ಆಗಿತ್ತು. ಜಿಲ್ಲೆಯ ಹಳ್ಳಿಗಳ ಜನ ಕಣ್ಣಾರೆ ನೋಡಿದ ಸಂಗತಿಯಾದರೂ ಅದನ್ನು ಆಗ ಯಾರೂ ಹಾಗೆ ಓದಿಕೊಳ್ಳಲಿಲ್ಲ.

ಚರ್ಚುಗಳ ಹಳೆಯ ಏರ್ಪಾಡು ಸಾಲದೆಂಬುದು ಎಲ್ಲರಿಗೂ ಮನವರಿಕೆಯಾದದ್ದು 2020ರ ಮಾರ್ಚಿನಲ್ಲಿ. ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯ ಒಬ್ಬ ಹಿರಿಯರದು, ಆ ತಿಂಗಳ 10ರಂದು. ದೇಶಕ್ಕೆಲ್ಲ ಲಾಕ್‌ಡೌನ್ ಬರುವ ಮೊದಲೇ ಜಿಲ್ಲೆಯ ಮೇಲೆ ನಿರ್ಬಂಧ ಬಿತ್ತು. ಏಪ್ರಿಲ್ 5ರ ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಈಸ್ಟರ್ ಮೂರೂ ಬಾಗಿಲು ಮುಚ್ಚಿದ ಚರ್ಚುಗಳಲ್ಲಿ ಕಳೆದವು. ಪ್ರಕಟಣೆ ಓದುವ ರವಿವಾರವೇ ಇಲ್ಲದಾಗ ಸುದ್ದಿ ಮುಟ್ಟಿಸುವ ದಾರಿಯೂ ಮುಚ್ಚಿತು. ಆ ವಾರಗಳಲ್ಲಿ ಕೆಲಸಕ್ಕೆ ಬಂದವರು ಊರಿನ ಹುಡುಗ ಹುಡುಗಿಯರು. ಕಾಲೇಜು ಮುಚ್ಚಿ ಮನೆಗೆ ಬಂದವರು, ಪುಣೆ, ಹೈದರಾಬಾದುಗಳಲ್ಲಿ ಕೆಲಸ ನಿಂತು ಮರಳಿದವರು ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಆರಾಧನೆಯನ್ನು ಫೇಸ್‌ಬುಕ್, ಯೂಟ್ಯೂಬಿನಲ್ಲಿ ನೇರ ತೋರಿಸಿದರು. ವಾಟ್ಸಾಪ್ ಗುಂಪು ಕಟ್ಟಿದರು. ರೇಷನ್ ಕಿಟ್ ಯಾರಿಗೆ ಮುಟ್ಟಿಲ್ಲ ಎಂಬ ಪಟ್ಟಿ ಮಾಡಿದರು. ಅವರು ಮಾಡಿದ್ದು ನಿಜವಾದ ಸೇವೆ, ಅದಕ್ಕೆ ಸಭೆಗಳು ಋಣಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಪಾಲಿಗೆ ಮಾತ್ರ ಆ ಮೂರು ತಿಂಗಳು ಚರ್ಚು ಇರಲೇ ಇಲ್ಲ. ಅಂಥ ಮನೆಗಳು ಹೆಚ್ಚಾಗಿ ತಾಂಡಾಗಳಲ್ಲಿ, ಗಣಿಯ ಜೋಪಡಿಗಳಲ್ಲಿ, ಮುದುಕರು ಮಾತ್ರ ಉಳಿದ ಹಳ್ಳಿಗಳಲ್ಲಿ ಇದ್ದವು. ಮನೆಮನೆಗೆ ಸುದ್ದಿ ಒಯ್ಯುತ್ತಿದ್ದ ಉಪದೇಶಿಗಳ ಹುದ್ದೆಗಳು ಅದಕ್ಕೂ ಮೊದಲೇ ಒಂದೊಂದಾಗಿ ಖಾಲಿಯಾಗಿದ್ದವು; ಅದರಿಂದ ಉಂಟಾದ ತೆರಪು ಆಗ ಕಣ್ಣಿಗೆ ಬಿತ್ತು.

ಜೂನ್ 8ರಿಂದ ಚರ್ಚುಗಳ ಬಾಗಿಲು ತೆರೆಯಲು ಅನುಮತಿ ಸಿಕ್ಕ ಮೇಲೆ ಇನ್ನೊಂದು ತೊಡಕು ಶುರುವಾಯಿತು. ಹುಡುಗರು ಮತ್ತೆ ನೌಕರಿಗೆ ಹೋದರು. ಚಾನೆಲ್ಲು ಒಬ್ಬರ ಸ್ವಂತ ಇಮೇಲಿನಲ್ಲಿ, ಪಾಸ್‌ವರ್ಡ್ ಇನ್ನೊಬ್ಬರ ಫೋನಿನಲ್ಲಿ, ಗುಂಪಿನ ಅಡ್ಮಿನ್ ವರ್ಗವಾಗಿ ಹೋದ ಅಯ್ಯನವರು. ವಿಳಾಸ ಪುಸ್ತಕದ ಹಳೆಯ ಕಥೆಯೇ ಹೊಸ ಸಾಧನದಲ್ಲಿ ನಡೆಯಿತು. ಜೊತೆಗೆ ಪ್ರತಿ ಸಭೆಯೂ ತನ್ನದೇ ಪುಟ, ತನ್ನದೇ ಚಾನೆಲ್ ಮಾಡಿಕೊಂಡಿದ್ದರಿಂದ ಒಂದೇ ಸುದ್ದಿ ಐದು ಕಡೆ ಐದು ರೀತಿ ಹೋಗುತ್ತಿತ್ತು. ಕೆಲವೊಮ್ಮೆ ಯಾರೋ ಕಳಿಸಿದ ಸುಳ್ಳು ಸಂದೇಶವೂ ಸಭೆಯ ಹೆಸರಿನಲ್ಲೇ ಹರಡುತ್ತಿತ್ತು. ಚಿಕ್ಕ ಸಮುದಾಯದ ಮಟ್ಟಿಗೆ ಇದು ಸಣ್ಣ ಅಪಾಯವಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಣದ ದಾರಿಯೂ ಕಿರಿದಾಯಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿ, ಬರುವ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ದೇಣಿಗೆ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಗೇ ಎಂದಾಯಿತು. ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳ ಆಡಳಿತ ವೆಚ್ಚದ ಲೆಕ್ಕಕ್ಕೆ ಬರುವುದಿಲ್ಲ. ಕಚೇರಿಯಲ್ಲಿ ವರದಿ ಬರೆಯುವವರ ಖರ್ಚು ಬರುತ್ತದೆ. ಇದಲ್ಲದೆ ನೋಂದಾಯಿತ ಪತ್ರಿಕೆಗಳ ಪ್ರಕಾಶಕರು, ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ತಯಾರಿಸುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವಂತೆಯೇ ಇಲ್ಲವೆಂದು 2010ರ ಮೂಲ ಕಾಯ್ದೆಯಲ್ಲೇ ಇದೆ. ಹೀಗಾಗಿ ಸಂವಹನದ ಹುದ್ದೆಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಉಳಿದ ಉತ್ತರ ಸಭೆಯವರ ಕಾಣಿಕೆ ಮಾತ್ರ. ಇದನ್ನು ಬರಿಯ ಸಂಕಟವೆಂದು ನೋಡಬೇಕಾಗಿಲ್ಲ. ಸೇಡಮಿನ ಕಾರ್ಖಾನೆ ಕಾರ್ಮಿಕ ತನ್ನ ಕೂಲಿಯಲ್ಲಿ ಕೊಟ್ಟ ಹಣದಿಂದ ಸಂಬಳ ಪಡೆಯುವ ಸುದ್ದಿಗಾರ ಆ ಕಾರ್ಮಿಕನಿಗೆ ಉತ್ತರ ಹೇಳಬೇಕಾಗುತ್ತದೆ. ಹೊರದೇಶದ ದಾನಿಗೆ ತೋರಿಸಲೆಂದು ಬಡಮಕ್ಕಳ ಫೋಟೋ ತೆಗೆಯುವ ಹಳೆಯ ಚಾಳಿಯೂ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.

ಇಡೀ ಸಂಸ್ಥೆಯ ಸಂವಹನ ಸಿಬ್ಬಂದಿಯನ್ನು ಮತ್ತೆ ಜೋಡಿಸಿದ ಈಚಿನ ದೊಡ್ಡ ಉದಾಹರಣೆ ವ್ಯಾಟಿಕನ್ನಿನದು. 2015ರ ಜೂನ್ 27ರಂದು ಪೋಪ್ ಫ್ರಾನ್ಸಿಸ್ ಸಂವಹನ ಸಚಿವಾಲಯವನ್ನು ಸ್ಥಾಪಿಸಿದರು. 1861ರ ‘ಲೊಸ್ಸೆರ್ವತೋರೆ ರೊಮಾನೊ’ ಪತ್ರಿಕೆ, ಮಾರ್ಕೋನಿ ಕಟ್ಟಿಕೊಟ್ಟು 1931ರಲ್ಲಿ ಆರಂಭವಾದ ವ್ಯಾಟಿಕನ್ ರೇಡಿಯೊ, ಟೆಲಿವಿಷನ್ ಕೇಂದ್ರ, ಮುದ್ರಣಾಲಯ, ಪ್ರಕಾಶನ, ಛಾಯಾಚಿತ್ರ ಸೇವೆ, ಅಂತರಜಾಲ ಸೇವೆ, ಪತ್ರಿಕಾ ಕಚೇರಿ, ಸಂಪರ್ಕ ಮಾಧ್ಯಮಗಳ ಪರಿಷತ್ತು, ಹೀಗೆ ಒಂಬತ್ತು ಸಂಸ್ಥೆಗಳು ಹಂತಹಂತವಾಗಿ ಅದರೊಳಗೆ ಸೇರಿದವು. ಒಂದೇ ಸುದ್ದಿಯನ್ನು ಬೇರೆ ಬೇರೆ ಕಚೇರಿಗಳು ಬೇರೆ ಬೇರೆಯಾಗಿ ಮಾಡುವ ಬದಲು ಒಂದು ಕಡೆ ಸಿದ್ಧಪಡಿಸಿ, ಭಾಷಾ ವಿಭಾಗಗಳು ತಮ್ಮ ತಮ್ಮ ಓದುಗರಿಗೆ ಹೊಂದಿಸಿಕೊಳ್ಳಬೇಕೆಂಬುದು ಅದರ ಗುರಿ. ದಾರಿ ಸುಗಮವಾಗಿರಲಿಲ್ಲ. 2018ರ ಮಾರ್ಚಿನಲ್ಲಿ ನಿವೃತ್ತ ಪೋಪ್ ಬೆನೆಡಿಕ್ಟರ ಪತ್ರವೊಂದರ ಫೋಟೋದಲ್ಲಿ ಕೆಲವು ಸಾಲುಗಳನ್ನು ಮಸುಕುಗೊಳಿಸಿ ಹಂಚಿದ್ದು ಬಯಲಾಗಿ, ಸಚಿವಾಲಯದ ಮೊದಲ ಮುಖ್ಯಸ್ಥ ಮೊನ್ಸಿಂಜೊರ್ ದಾರಿಯೊ ವಿಗನೊ ರಾಜೀನಾಮೆ ಕೊಟ್ಟರು. ಆ ಜುಲೈಯಲ್ಲಿ ಪಾವೊಲೊ ರುಫೀನಿ ಅವರ ನೇಮಕವಾಯಿತು. ವ್ಯಾಟಿಕನ್ನಿನ ಇಂಥ ವಿಭಾಗವೊಂದಕ್ಕೆ ಗುರುವಲ್ಲದ, ಶ್ರೀಸಾಮಾನ್ಯ ವಿಶ್ವಾಸಿಯೊಬ್ಬರು ಮುಖ್ಯಸ್ಥರಾದದ್ದು ಅದೇ ಮೊದಲು. ಅವರು ವೃತ್ತಿಯಿಂದ ಪತ್ರಕರ್ತರು.

ಆ ದೊಡ್ಡ ಸಂಸ್ಥೆಯ ಅಳತೆಗೂ ಕಾಗಿಣಾ ದಂಡೆಯ ಸಭೆಗಳ ಅಳತೆಗೂ ಹೋಲಿಕೆ ಇಲ್ಲ. ಆದರೂ ಅಲ್ಲಿಂದ ಮೂರು ಸಂಗತಿಗಳನ್ನು ಇಲ್ಲಿಗೆ ತರಬಹುದು. ಈ ಕೆಲಸಕ್ಕೆ ದೀಕ್ಷೆ ಪಡೆದವರೇ ಆಗಬೇಕಿಲ್ಲ. ವೃತ್ತಿ ಬಲ್ಲವರು ಬೇಕು. ಕೆಲಸ ಒಂದೇ ಕಡೆ ಸೇರಿದ ಮೇಲೆ ತಪ್ಪು ನಡೆದರೆ ಉತ್ತರ ಹೇಳುವವರು ಯಾರೆಂಬುದು ಸ್ಪಷ್ಟವಿರಬೇಕು. ಸುದ್ದಿಯ ತಯಾರಿ ಒಂದಾಗಬಹುದು, ಆಯಾ ಭಾಷೆ ಬಲ್ಲ ಜನರನ್ನು ಮಾತ್ರ ಕಡಿಮೆ ಮಾಡುವಂತಿಲ್ಲ. ಖರ್ಚು ಉಳಿಸಲೆಂದು ಪುನರ್ರಚನೆಗೆ ಇಳಿಯುವ ಸಂಸ್ಥೆಗಳು ಮೊದಲು ಕೈಬಿಡುವುದು ಜನರ ಮಾತಿನಲ್ಲಿ ಸುದ್ದಿ ಮುಟ್ಟಿಸುವ ಈ ಕೊನೆಯ ಕೊಂಡಿಯನ್ನೇ, ಏಕೆಂದರೆ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಹೆಸರಿಲ್ಲ. ಈ ಸೀಮೆಯಲ್ಲಿ ಹಿಂದೆ ಕೈಬಿಟ್ಟದ್ದೂ ಅದನ್ನೇ.

ಐದು ಊರುಗಳಿಗೆ ಹೊಂದುವ ಏರ್ಪಾಡು ಈ ನೆನಪುಗಳಿಂದ ಒಂದು ಆಕಾರ ಪಡೆಯುತ್ತದೆ. ಕಲಬುರಗಿಯಲ್ಲಿ ಪೂರ್ಣಕಾ­ಲ ಸಂಬಳದ ಒಬ್ಬರು ಬೇಕು. ಅವರು ಶಾಲೆಯ ಗುಮಾಸ್ತರೋ ಬೋರ್ಡಿಂಗಿನ ವಾರ್ಡನ್ನೋ ಆಗಿರಬಾರದು. ಪತ್ರಿಕೆಗಳೊಡನೆ ಮಾತಾಡುವುದು, ಫೋಟೋ ದಾಖಲೆಗಳನ್ನು ಕಾಪಾಡುವುದು, ಚಾನೆಲ್ಲು ಪುಟಗಳು ಸಂಸ್ಥೆಯ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳುವುದು ಅವರ ಹೊಣೆ. ವಾಡಿ ಅಥವಾ ಚಿತ್ತಾಪುರದಲ್ಲಿ ಅರ್ಧಕಾಲದ ಒಬ್ಬರಿದ್ದರೆ ರೈಲುದಾರಿಯ ನಾಲ್ಕೂ ಊರುಗಳಿಗೆ ಓಡಾಡಬಹುದು. ಕಾರ್ಖಾನೆಯ ಮೂರು ಪಾಳಿಗಳ ಲೆಕ್ಕ ಅವರಿಗೆ ಗೊತ್ತಿರಬೇಕು. ರಾತ್ರಿ ಪಾಳಿ ಮುಗಿಸಿ ಮಲಗಿದವನಿಗೆ ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಸಂದೇಶ ಸಂಜೆಯ ಇನ್ನೂರು ಸಂದೇಶಗಳಡಿ ಹೂತುಹೋಗುತ್ತದೆ. ಅಯ್ಯನವರು ವರ್ಗವಾಗುವಾಗ ರಿಜಿಸ್ಟರು ಒಪ್ಪಿಸುವಂತೆಯೇ ದೂರವಾಣಿ ಪಟ್ಟಿ, ಪಾಸ್‌ವರ್ಡ್, ಫೋಟೋಗಳನ್ನೂ ಸಹಿ ಹಾಕಿ ಒಪ್ಪಿಸಿ ಹೋಗುವ ನಿಯಮ ಬರಬೇಕು. ಖರ್ಚಿಲ್ಲದೆ ಆಗುವ ಸುಧಾರಣೆ ಇದು, ನೂರು ವರ್ಷಗಳ ನಷ್ಟಕ್ಕೆ ಮದ್ದೂ ಹೌದು.

ಹಾಸ್ಟೆಲ್ ಮಕ್ಕಳ ಚಿತ್ರಗಳ ವಿಷಯದಲ್ಲಿ ಕಾನೂನು ಈಗ ಬಿಗಿಯಾಗಿದೆ. ರಕ್ಷಣೆ ಮತ್ತು ಪೋಷಣೆ ಬೇಕಾದ ಮಕ್ಕಳ ಗುರುತು ಬಯಲುಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ತಡೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಕೇಳುತ್ತದೆ. ಕಾನೂನು ಇರಲಿ ಬಿಡಲಿ, ಕೇಳದೆ ಫೋಟೋ ತೆಗೆಯಬಾರದೆಂಬ ಮರ್ಯಾದೆಯನ್ನು ಕ್ಯಾಮೆರಾ ಹಿಡಿಯುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಕಲಿಸಬೇಕು.

ಉಳಿದದ್ದು ಧ್ವನಿಯ ಕೆಲಸ. ಲಂಬಾಣಿಗೆ ಎಲ್ಲರೂ ಒಪ್ಪಿ ಬಳಸುವ ಸ್ವಂತ ಲಿಪಿಯಿಲ್ಲ. ಇಲ್ಲಿ ಅದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಗಡಿ ದಾಟಿದರೆ ತೆಲುಗಿನಲ್ಲಿ. ತಾಂಡಾದ ಹಿರಿಯ ಹೆಂಗಸರಿಗೆ ಬರಹದ ಸುತ್ತೋಲೆಯಿಂದ ಪ್ರಯೋಜನವಿಲ್ಲ. ಅವರದೇ ಮಾತಿನಲ್ಲಿ ಎರಡು ನಿಮಿಷದ ಧ್ವನಿಮುದ್ರಿಕೆ, ಅದನ್ನು ಕೇಳಿಸಿ ಉತ್ತರ ತರುವ ಒಬ್ಬ ಮನುಷ್ಯ ಬೇಕು. 2024ರ ಆಗಸ್ಟಿನಿಂದ ವ್ಯಾಟಿಕನ್ ನ್ಯೂಸ್ ಕನ್ನಡದಲ್ಲೂ ಬರುತ್ತಿದೆ. ಅದು ಅವರ 53ನೆಯ ಭಾಷೆ. ರೋಮಿನ ಸುದ್ದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಇಲ್ಲಿ ಹಿಂದೆ ವ್ಯಯವಾಗುತ್ತಿದ್ದ ಹೊತ್ತು ಹಾಗೆ ಉಳಿಯಿತು. ಆ ಹೊತ್ತನ್ನೂ ಅದರ ಹಣವನ್ನೂ ಚಿಂಚೋಳಿ ಕಡೆಯ ತೆಲುಗು ಹಳ್ಳಿಗಳಿಗೆ, ಲಂಬಾಣಿ ತಾಂಡಾಗಳಿಗೆ ತಿರುಗಿಸಬಹುದು. ಉಪದೇಶಿಗಳ ಖಾಲಿ ಹುದ್ದೆಗಳನ್ನು ಮತ್ತೆ ತುಂಬುವಾಗ ಓದುಬರಹದ ಸರ್ಟಿಫಿಕೇಟಿಗಿಂತ ಈ ಮಾತುಗಳನ್ನು ಆಡಬಲ್ಲವರನ್ನು, ಅದರಲ್ಲೂ ಮನೆಯೊಳಗೆ ಹೋಗಿ ಕೂತು ಮಾತಾಡಬಲ್ಲ ಹೆಂಗಸರನ್ನು ಮೊದಲು ತೆಗೆದುಕೊಳ್ಳಬೇಕು. ಮೊಬೈಲು, ಬಸ್ ಚಾರ್ಜು, ತಿಂಗಳ ಸಂಬಳ ಮೂರನ್ನೂ ಕಾಣಿಕೆಯ ಲೆಕ್ಕದಲ್ಲಿ ಅವರ ಹೆಸರಿನಲ್ಲೇ ಬರೆಯಬೇಕು.